ಕಪ್ಪು-ಬಿಳುಪು ಪ್ರಿಂಟು ಹಸಿರು ಹೊಡೀತದಾ? ಇಂಕು, ಪ್ರಿಂಟರ್ ಬದಲಿಸೋ ಮೊದಲು ಹುಡುಕಬೇಕಾದ್ದು

ಹೋದ ಮಳೆಗಾಲದಲ್ಲಿ ನಮ್ಮ ಅಮ್ಮಮ್ಮನ ಹಳೇ ಫೋಟೋ ಒಂದನ್ನ ಸ್ಕ್ಯಾನ್ ಮಾಡಿ, ಗೀರು, ಗೆದ್ದಲು ತಿಂದ ಮೂಲೆ ಎಲ್ಲ ಸರಿ ಮಾಡಿ, ಕಾರವಾರದ ಮನೇಲಿ ರಾತ್ರಿ ಹನ್ನೊಂದರ ಹೊತ್ತಿಗೆ ಗ್ಲಾಸಿ ಕಾಗದದ ಮೇಲೆ ಎ4 ಸೈಜಲ್ಲಿ ಪ್ರಿಂಟ್ ತೆಗ್ದೆ. ಟ್ಯೂಬ್‌ಲೈಟ್ ಕೆಳಗೆ ನೋಡಿದ್ರೆ ಎಷ್ಟು ಚಂದ ಬಂದಿತ್ತು ಅಂದ್ರೆ, ಸೀರೆ ಅಂಚಿನ ಕಡ್ಡಿಗಳು, ಹಣೆ ಗೆರೆ, ಎಲ್ಲ ಹದವಾಗಿ ಬೂದು ಬಣ್ಣದಲ್ಲಿ ಕೂತಿದ್ವು. ಮರುದಿನ ಅದನ್ನ ಶಿರಸಿ ಹತ್ರ ಭಾವನ ಮನೆಗೆ ತಗೊಂಡು ಹೋದೆ, ಜಗುಲಿ ಮೇಲೆ ಕವಳದ ಬಟ್ಟಲ ಪಕ್ಕ ಇಟ್ಟು ತೋರಿಸಿದೆ. ಭಾವ ಅಡಿಕೆ ಹೋಳು ಬಾಯಿಗೆ ಹಾಕ್ಕೊಂಡು ಸ್ವಲ್ಪ ಹೊತ್ತು ನೋಡಿ, "ಎಂತದಾ ಭಾವಾ ಇದು, ಅಮ್ಮಮ್ಮನ ಮುಖಕ್ಕೆ ಹಾವಸೆ ಕಟ್ಟಿದಾಂಗೆ ಕಾಣ್ತಲ" ಅಂದ. ನೋಡ್ತೇನೆ, ಹೌದು. ಅಂಗಳದ ಬೆಳಕಿಗೆ ಕೆನ್ನೆ, ಕುತ್ತಿಗೆ ಎಲ್ಲ ತಿಳಿ ಹಸಿರು. ರಾತ್ರಿ ಇಲ್ಲದ ಹಸಿರು ಬೆಳಿಗ್ಗೆ ಎಲ್ಲಿಂದ ಬಂತು?

ಅವತ್ತಿಂದ ಒಂದೂವರೆ ತಿಂಗಳು ಇದರ ಹಿಂದೇ ಬಿದ್ದಿದ್ದೆ. ಎಷ್ಟೋ ಜನ ಇದೇ ಜಾಗದಲ್ಲಿ ಸಿಟ್ಟು ಬಂದು ಬೇರೆ ಇಂಕು ತಂದು ಸುರೀತಾರೆ, ಇಲ್ಲಾ ಪ್ರಿಂಟರನ್ನೇ ಮಾರಿ ಇನ್ನೊಂದು ತರ್ತಾರೆ, ಅದೂ ಹಸಿರೇ ಹೊಡೀತದೆ, ದುಡ್ಡು ಹೋದದ್ದೊಂದೇ ಬಂತು. ಹಾಗಾಗಬಾರ್ದು ಅಂತ ಬರೀತಾ ಇದ್ದೇನೆ. ಮೊದಲು ತಿಳ್ಕೊಬೇಕಾದ್ದು ಏನಂದ್ರೆ ಪ್ರಿಂಟಲ್ಲಿ ಕಾಣೋ ಬೂದು ಅನ್ನೋದು ಹೆಚ್ಚಿನ ಪ್ರಿಂಟರ್‌ಗಳಲ್ಲಿ ಬೂದು ಇಂಕೇ ಅಲ್ಲ, ಸಯಾನ್ (ಆಕಾಶನೀಲಿ), ಮಜೆಂಟಾ (ಗಾಢ ಗುಲಾಬಿ), ಹಳದಿ ಮೂರೂ ಚುಕ್ಕಿ ಚುಕ್ಕಿಯಾಗಿ ಒಟ್ಟು ಸೇರಿ ಕಣ್ಣಿಗೆ ಬೂದು ಅನ್ನಿಸ್ತಾ ಇರ್ತದೆ ಅಷ್ಟೆ. ಆ ಮೂರರ ಹದ ಒಂದು ಕೂದಲೆಳೆ ತಪ್ಪಿದ್ರೂ ಬಣ್ಣ ಹೊರಗೆ ಬರ್ತದೆ. ಬಣ್ಣದ ಫೋಟೋದಲ್ಲಿ ಅಷ್ಟು ತಪ್ಪು ಯಾರಿಗೂ ಗೊತ್ತಾಗೂದಿಲ್ಲ, ಕಪ್ಪು-ಬಿಳುಪಲ್ಲಿ ಮುಚ್ಚಿಡ್ಲಿಕ್ಕೆ ಜಾಗವೇ ಇಲ್ಲ.

ಹಾಗಾಗಿ ಹುಡುಕೂದು ಹೇಗೆ ಅಂದ್ರೆ, ಬಣ್ಣ "ಎಷ್ಟು" ಬಂದಿದೆ ಅಂತಲ್ಲ, "ಹೇಗೆ ಬದಲಾಗ್ತದೆ" ಅಂತ ನೋಡಬೇಕು. ಬೆಳಕು ಬದಲಾದ್ರೆ ಬದಲಾಗ್ತದಾ, ತಿಳಿ ಜಾಗದಲ್ಲಿ ಒಂದು ದಟ್ಟ ಜಾಗದಲ್ಲಿ ಇನ್ನೊಂದು ಬಣ್ಣವಾ, ದಿನ ಕಳೆದ ಹಾಗೆ ಬರ್ತದಾ, ಅಥವಾ ಎಲ್ಲಿ ಇಟ್ರೂ ಯಾವಾಗ ನೋಡಿದ್ರೂ ಒಂದೇ ಥರ ಇರ್ತದಾ. ಒಂದೊಂದಕ್ಕೂ ಕಳ್ಳ ಬೇರೆ.

ಮೊದಲು ಒಂದು ಪಟ್ಟಿ ಮಾಡ್ಕೊಳ್ಳಿ

ಫೋಟೋ ನೋಡಿ ದೋಷ ಹುಡುಕ್ಲಿಕ್ಕೆ ಆಗೂದಿಲ್ಲ, ಕಣ್ಣು ಮುಖದ ಮೇಲೇ ಹೋಗ್ತದೆ. ಫೋಟೋಶಾಪೋ ಜಿಂಪೋ ಯಾವುದ್ರಲ್ಲಾದ್ರೂ ಬಿಳಿಯಿಂದ ಕಪ್ಪಿನವರೆಗೆ 21 ಚೌಕದ ಒಂದು ಪಟ್ಟಿ ಮಾಡಿ, ಒಂದೊಂದು ಚೌಕ ಹಿಂದಿನದಕ್ಕಿಂತ ಶೇ. 5 ದಟ್ಟ ಇರಲಿ, ಪ್ರತಿ ಚೌಕದಲ್ಲೂ ಕೆಂಪು-ಹಸಿರು-ನೀಲಿ ಮೂರೂ ನಂಬರ್ ಒಂದೇ ಇರಬೇಕು. ನಾನು ಅದರ ಕೆಳಗೆ ಯಾಣದ ಒಂದು ಫೋಟೋನೂ ಸೇರಿಸಿಟ್ಟಿದ್ದೇನೆ. ಭೈರವೇಶ್ವರ ಶಿಖರ 120 ಮೀಟರ್ ಎತ್ತರದ ಕಪ್ಪು ಬಂಡೆ, ಅದರ ಸೀಳುಗಳಲ್ಲಿ ಶೇ. 85ರಿಂದ 95ರ ಒಳಗಿನ ಕಪ್ಪೇ ಎಲ್ಲ ಇರೂದು, ಪ್ರಿಂಟರ್ ದಟ್ಟ ಜಾಗವನ್ನ ನುಂಗ್ತದೋ ಇಲ್ವೋ ಅಂತ ಹೇಳ್ಲಿಕ್ಕೆ ಅದಕ್ಕಿಂತ ಒಳ್ಳೇ ಪರೀಕ್ಷೆ ನಮ್ಮ ಕಡೆ ಬೇರೆ ಯಾವುದೂ ಇಲ್ಲ ಅಂತ ನನ್ನ ಅಭಿಪ್ರಾಯ. ಈ ಪಟ್ಟಿ ಪ್ರಿಂಟ್ ಮಾಡಿ ಹಿಂದುಗಡೆ ಪೆನ್ಸಿಲ್‌ನಲ್ಲಿ ತಾರೀಕು, ಕಾಗದ, ಯಾವ ಸೆಟ್ಟಿಂಗ್ ಅಂತ ಬರೆದಿಡಿ. ಬರೆದಿಡದೇ ಇದ್ದ್ರೆ ನಾಲ್ಕನೇ ಹಾಳೆ ಹೊತ್ತಿಗೆ ಯಾವುದು ಯಾವುದು ಅಂತ ನೆನಪೇ ಇರೂದಿಲ್ಲ.

ಎಲ್ಲ ಕಡೆ, ಎಲ್ಲ ಹೊತ್ತಲ್ಲೂ ಒಂದೇ ಬಣ್ಣ

ಇದು ಸುಲಭದ್ದು. ನಾಝಲ್ ಚೆಕ್ ತೆಗೀರಿ, ಅಂದ್ರೆ ಇಂಕು ಉಗುಳೋ ಸಣ್ಣ ತೂತುಗಳೆಲ್ಲ ತೆರೆದಿದ್ಯಾ ಅಂತ ಪ್ರಿಂಟರೇ ಗೆರೆ ಎಳೆದು ತೋರಿಸೋ ಹಾಳೆ. ಗೆರೆ ಎಲ್ಲಾದ್ರೂ ಕಡಿದಿದ್ಯಾ ನೋಡಿ. ಮಜೆಂಟಾ ಕಡಿಮೆ ಬಿದ್ರೆ ಬೂದು ಹಸಿರಾಗ್ತದೆ, ಸಯಾನ್ ಕಡಿಮೆ ಆದ್ರೆ ಕೆಂಪು, ಹಳದಿ ಕಡಿಮೆ ಆದ್ರೆ ನೀಲಿ. ಹಳದಿ ಗೆರೆ ಬಿಳಿ ಕಾಗದದ ಮೇಲೆ ಕಾಣೂದೇ ಕಷ್ಟ, ಕಿಟಕಿ ಹತ್ರ ಹಿಡಿದು ನೋಡಬೇಕು, ತುಂಬಾ ಜನ ಅಲ್ಲೇ ತಪ್ಪೂದು.

ನಂದ್ರಲ್ಲಿ ಮಜೆಂಟಾದ ಗೆರೆ ಮೂರು ಕಡೆ ಹರಿದಿತ್ತು. ಅದಕ್ಕೆ ಕಾರಣ ಹುಡುಕಿದ್ರೆ ಸಿಕ್ಕಿದ್ದು ಕರೆಂಟು. ನಮ್ಮಲ್ಲಿ ಜೂನ್ ತಿಂಗಳು ಬಂತು ಅಂದ್ರೆ ಗಾಳಿಗೆ ಮರ ಬಿದ್ದು ಲೈನ್ ಹೋಗೂದು ಇದ್ದದ್ದೇ, ಪ್ರಿಂಟ್ ಆಗ್ತಾ ಇರುವಾಗ ಕರೆಂಟ್ ಹೋದ್ರೆ ಹೆಡ್ (ಇಂಕು ಉಗುಳೋ ಭಾಗ) ಎಲ್ಲಿತ್ತೋ ಅಲ್ಲೇ ನಿಲ್ತದೆ, ತನ್ನ ಗೂಡಿಗೆ ಹೋಗಿ ಮುಚ್ಚಳದ ಮೇಲೆ ಕೂರೂದಿಲ್ಲ, ಬಾಯಿ ತೆರೆದೇ ಇರ್ತದೆ, ಒಣಗ್ತದೆ. ಗೋಡೆ ಸ್ವಿಚ್ಚಲ್ಲೇ ಆಫ್ ಮಾಡೋ ಅಭ್ಯಾಸ ಇದ್ರೂ ಇದೇ ಕತೆ. ಪ್ರಿಂಟರಿನ ಬಟನ್ ಒತ್ತಿ, ಅದು ಗರ್ ಗರ್ ಅಂತ ಸದ್ದು ಮಾಡಿ ಹೆಡ್ಡನ್ನ ಮೂಲೆಗೆ ತಗೊಂಡು ಹೋಗಿ ಸುಮ್ಮನಾದ ಮೇಲೇ ಗೋಡೆ ಸ್ವಿಚ್. ಕರೆಂಟ್ ಮಧ್ಯದಲ್ಲಿ ಹೋಗಿದ್ರೆ, ಬಂದ ತಕ್ಷಣ ಒಮ್ಮೆ ಆನ್ ಮಾಡಿ ಬಟನ್ನಿಂದಲೇ ಆಫ್ ಮಾಡಿ, ಪ್ರಿಂಟ್ ಬೇಡದಿದ್ರೂ ಸಹ.

ಹೆಡ್ ಕ್ಲೀನಿಂಗ್ ಎರಡು ಸಲ, ಹೆಚ್ಚಂದ್ರೆ ಮೂರು. ಅಷ್ಟಕ್ಕೂ ಬಿಡದಿದ್ರೆ ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ, ಒಣಗಿದ ಇಂಕು ನೆನೆದು ಬಿಡ್ತದೆ. ಒಂದರ ಹಿಂದೆ ಒಂದು ಹತ್ತು ಸಲ ಮಾಡಿದ್ರೆ ಟ್ಯಾಂಕಿನ ಇಂಕು ಖಾಲಿ, ಕ್ಲೀನಿಂಗ್ ಇಂಕನ್ನ ಹೀರೋ ಒಳಗಿನ ವೇಸ್ಟ್ ಪ್ಯಾಡ್ ಭರ್ತಿ, ಲಾಭ ಏನೂ ಇಲ್ಲ.

ನಾಝಲ್ ಸರಿ ಇದ್ದೂ ಇಡೀ ಪ್ರಿಂಟು ಕೆಂಪು-ನೇರಳೆಗೆ ತಿರುಗಿ ದಟ್ಟ ಆಗಿದ್ರೆ ಅದು ಇಂಕಿನ ತಪ್ಪಲ್ಲ, ಸೆಟ್ಟಿಂಗ್. ಫೋಟೋಶಾಪೂ ಬಣ್ಣ ಸರಿ ಮಾಡಿ ಕಳಿಸ್ತದೆ, ಪ್ರಿಂಟರ್ ಡ್ರೈವರೂ (ಕಂಪ್ಯೂಟರಿಂದ ಪ್ರಿಂಟರ್ ನಡೆಸೋ ಸಾಫ್ಟ್‌ವೇರ್) ಅದನ್ನೇ ಮತ್ತೆ ಸರಿ ಮಾಡ್ತದೆ, ಉಪ್ಪು ಹಾಕಿದ ಸಾರಿಗೆ ಮನೆಯ ಇನ್ನೊಬ್ಬರೂ ಬಂದು ಉಪ್ಪು ಹಾಕಿದ ಹಾಗೆ. ಒಬ್ಬರ ಕೈಯಲ್ಲಿ ಮಾತ್ರ ಬಿಡಬೇಕು. ಫೋಟೋಶಾಪ್ ನೋಡ್ಕೊಳ್ಳೂದಾದ್ರೆ ಎಪ್ಸನ್ ಡ್ರೈವರಿನಲ್ಲಿ ನೋ ಕಲರ್ ಅಡ್ಜಸ್ಟ್‌ಮೆಂಟ್, ಕ್ಯಾನನ್ ಆದ್ರೆ ಮ್ಯಾಚಿಂಗ್ ಟ್ಯಾಬಿನಲ್ಲಿ ಕಲರ್ ಕರೆಕ್ಷನ್ "ನನ್" (None) ಅಂತ ಇಡಿ. ಡ್ರೈವರಿನ ಕಪ್ಪು-ಬಿಳುಪು ಮೋಡ್ ಬಳಸೂದಾದ್ರೆ ಫೋಟೋಶಾಪಲ್ಲಿ ಪ್ರಿಂಟರ್ ಮ್ಯಾನೇಜಸ್ ಕಲರ್ಸ್ ಅಂತ ಕೊಡಿ.

ಬೆಳಕು ಬದಲಾದ್ರೆ ಬಣ್ಣ ಬದಲಾಗೂದು

ಇದೇ ನಮ್ಮ ಅಮ್ಮಮ್ಮನ ಕೇಸು. ನಾಝಲ್ ಕ್ಲೀನ್ ಆದ್ಮೇಲೆ ಮತ್ತೆ ಪ್ರಿಂಟ್ ತೆಗ್ದೆ, ಒಳಗೆ ಬೂದು, ಅಂಗಳದಲ್ಲಿ ಮತ್ತೆ ಹಸಿರು, ಮೊದಲಿಗಿಂತ ಸ್ವಲ್ಪ ಕಡಿಮೆ ಅಷ್ಟೆ. ಆಗ ನನಗೆ ನಿಜವಾಗಿ ತಲೆ ಕೆಟ್ಟಿತ್ತು. ಪೇಟೇಲಿ ಬಂಗಾರದ ಕೆಲಸ ಮಾಡೋ ಶೇಟ್ರು ಒಬ್ರು ಪರಿಚಯ, ಅವ್ರು ಕಣ್ಣಿಗೆ ಸಿಕ್ಕಿಸ್ಕೊಂಡು ಹರಳು ನೋಡೋ ಆ ಪುಟ್ಟ ಭೂತಗನ್ನಡಿ ಇಸ್ಕೊಂಡು ಪಟ್ಟಿಯ ಮಧ್ಯದ ಚೌಕ ನೋಡಿದೆ. ಬೂದು ಅಂತ ನಾನು ನಂಬ್ಕೊಂಡಿದ್ದ ಜಾಗದಲ್ಲಿ ಬೂದು ಅನ್ನೂದೇ ಇಲ್ಲ! ನೀಲಿ, ಗುಲಾಬಿ, ಹಳದಿ ಚುಕ್ಕಿಗಳು, ರಂಗೋಲಿ ಪುಡಿ ಚೆಲ್ಲಿದ ಹಾಗೆ. ಕಪ್ಪು ಚುಕ್ಕಿ ಒಂದೂ ಇಲ್ಲ, ಪೂರಾ ಕಪ್ಪಿನ ಚೌಕದಲ್ಲೂ ಇಲ್ಲ. ಶೇಟ್ರೂ ಒಮ್ಮೆ ನೋಡಿ "ಇದ್ರಲ್ಲಿ ಕಪ್ಪೇ ಇಲ್ವಲ್ಲ ಮಾರಾಯ್ರೇ" ಅಂದ್ರು.

ಅದಕ್ಕೆ ಕಾರಣ ಇದೆ. ನಾಲ್ಕು ಟ್ಯಾಂಕಿನ ಹಲವು ಪ್ರಿಂಟರ್‌ಗಳಲ್ಲಿ, ಉದಾಹರಣೆಗೆ ಕ್ಯಾನನ್‌ನ ಜಿ2010, ಜಿ3010 ಥರದವುಗಳಲ್ಲಿ, ಕಪ್ಪು ಮಾತ್ರ ಪಿಗ್ಮೆಂಟ್ (ಕರಗದ ನುಣ್ಣನೆ ಪುಡಿ ಇರೋ ಇಂಕು), ಉಳಿದ ಮೂರು ಬಣ್ಣ ಡೈ (ಪೂರಾ ಕರಗಿದ ಬಣ್ಣ). ಆ ಪಿಗ್ಮೆಂಟ್ ಕಪ್ಪು ಪತ್ರ-ಬಿಲ್ಲು ಪ್ರಿಂಟ್ ಮಾಡೂದಕ್ಕೆ ಅಂತಲೇ ಮಾಡಿದ್ದು, ಗ್ಲಾಸಿ ಕಾಗದದ ಲೇಪದ ಮೇಲೆ ಅದು ಸರಿಯಾಗಿ ಕೂರೂದಿಲ್ಲ. ಹಾಗಾಗಿ ಫೋಟೋ ಪೇಪರ್ ಅಂತ ಆರಿಸಿದ್ರೆ ಡ್ರೈವರು ಕಪ್ಪನ್ನ ಬಿಟ್ಟು ಮೂರು ಬಣ್ಣದಲ್ಲೇ ಬೂದು, ಕಪ್ಪು ಎಲ್ಲ ಕಟ್ತದೆ. ಇದು ಪ್ರಿಂಟರ್ ಹಾಳಾದದ್ದಲ್ಲ, ಅದು ಇರೂದೇ ಹಾಗೆ. ಬಣ್ಣದ ಇಂಕುಗಳು ಬೆಳಕಿನ ಕೆಲವು ಭಾಗ ಮಾತ್ರ ವಾಪಸ್ ಕಳಿಸ್ತಾವೆ, ಟ್ಯೂಬಿನ ಬೆಳಕಲ್ಲಿ ಮೂರೂ ಸಮ ಆಗಿ ಕಂಡದ್ದು ಹಗಲ ಬೆಳಕಲ್ಲಿ ಸಮ ಆಗೂದಿಲ್ಲ. ಕಾರ್ಬನ್‌ನ ಕಪ್ಪು, ಅಂದ್ರೆ ಕಾಡಿಗೆ ಥರದ್ದು, ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ಸಮ ನುಂಗ್ತದೆ, ಅದಕ್ಕೇ ಎಲ್ಲಿಟ್ರೂ ಹೆಚ್ಚು ಬದಲಾಗೂದಿಲ್ಲ. ಬೆಳಕು ಬದಲಾದ ಹಾಗೆ ಬಣ್ಣ ಬದಲಾಗೋ ಈ ತೊಂದರೆಗೆ ಮೆಟಾಮೆರಿಸಂ ಅಂತಾರೆ, ದೊಡ್ಡ ಪ್ರಿಂಟರ್‌ಗಳಿಗೂ ತಪ್ಪಿದ್ದಲ್ಲ, 2000ನೇ ಇಸವಿಯಲ್ಲಿ ಬಂದ ಎಪ್ಸನ್ 2000ಪಿ ಹಗಲ ಬೆಳಕಿಗೆ ಹಸಿರಾಗೂದಕ್ಕೆ ಆಗಿನ ಕಾಲದಲ್ಲಿ ಹೆಸರಾಗಿತ್ತು. ಆಮೇಲೆ 2005ರಲ್ಲಿ ಅವರೇ ಕಪ್ಪು, ತಿಳಿ ಕಪ್ಪು, ಇನ್ನೂ ತಿಳಿ ಕಪ್ಪು ಅಂತ ಮೂರು ಹಂತದ ಕೆ3 ಇಂಕು ತಂದ್ರು, ಬೂದು ಕಟ್ಟಲಿಕ್ಕೆ ಬಣ್ಣದ ಇಂಕು ಬೇಕಾಗೂದು ತುಂಬ ಕಡಿಮೆ ಆಯ್ತು.

ಇಲ್ಲಿ ಇನ್ನೊಂದು ಕಳ್ಳ ಇದಾನೆ, ಅವನನ್ನ ಬಿಟ್ಟು ಇಂಕಿನ ಮೇಲೆ ಆರೋಪ ಹಾಕಬೇಡಿ: ಕಾಗದ. ಪ್ರಿಂಟ್ ಆಗದೇ ಬಿಟ್ಟ ಬಿಳಿ ಅಂಚನ್ನೂ ಒಳಗೆ ಹೊರಗೆ ಎರಡೂ ಕಡೆ ನೋಡಿ. ಅಂಚೂ ಹೊರಗೆ ನೀಲಿ ಬಿಳಿ, ಒಳಗೆ ಹಳದಿ ಬಿಳಿ ಅಂತ ಬದಲಾದ್ರೆ ಅದು ಕಾಗದಕ್ಕೆ ಹಾಕಿದ ಹೊಳಪಿನ ರಾಸಾಯನಿಕ, ಬಟ್ಟೆಗೆ ನೀಲಿ ಹಾಕಿದ ಹಾಗೆ. ಬಿಸಿಲಿನ ಅಲ್ಟ್ರಾವಯೊಲೆಟ್‌ಗೆ ಅದು ಹೊಳೀತದೆ, ಎಲ್‌ಇಡಿ ಬಲ್ಬಿನಲ್ಲಿ ಆ ಅಲ್ಟ್ರಾವಯೊಲೆಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಮಂಕು. ಅಂಗಡಿಗಳಲ್ಲಿ ನೋಟು ಚೆಕ್ ಮಾಡೋ ನೀಲಿ ಲೈಟ್ ಇರ್ತದಲ್ಲ, ಅದರ ಕೆಳಗೆ ಒಂದು ಖಾಲಿ ಹಾಳೆ ಹಿಡೀರಿ, ಜಗ್ಗನೆ ನೀಲಿ ಹೊಳೆದ್ರೆ ಅದೇ.

ತಿಳಿ ಜಾಗ ಒಂದು ಬಣ್ಣ, ದಟ್ಟ ಜಾಗ ಇನ್ನೊಂದು

ಪಟ್ಟಿಯ ಶೇ. 20ರ ಹತ್ರ ಹಸಿರು, ಶೇ. 80ರ ಹತ್ರ ಗುಲಾಬಿ ಅಂತ ಬಂದ್ರೆ ಡ್ರೈವರಿನ ಬಣ್ಣದ ಸ್ಲೈಡರ್ ಎಳೆದು ಸರಿ ಮಾಡ್ತೇನೆ ಅಂತ ಕೂರಬೇಡಿ, ಒಂದು ಕಡೆ ಸರಿ ಆದ್ರೆ ಇನ್ನೊಂದು ಕಡೆ ಎರಡು ಪಟ್ಟು ಕೆಡ್ತದೆ. ಹೆಚ್ಚಾಗಿ ಇದು ಬರೂದು ಬೇರೆ ಕಂಪನಿ ಇಂಕು ಟ್ಯಾಂಕಿಗೆ ಹಾಕಿದಾಗ. ಡ್ರೈವರಿಗೆ ಗೊತ್ತಿರೂದು ಒರಿಜಿನಲ್ ಇಂಕಿನ ಹದ, ನೀವು ಹಾಕಿದ್ದು ಬೇರೆ. ಕಾಗದದ ಸೆಟ್ಟಿಂಗ್ ತಪ್ಪಾದ್ರೂ ಬರ್ತದೆ. ಒರಿಜಿನಲ್ ಇಂಕೇ ಹಾಕಿ, ಇಲ್ಲಾಂದ್ರೆ ಆ ಇಂಕು-ಆ ಕಾಗದದ ಜೋಡಿಗೆ ಪ್ರೊಫೈಲ್ (ಬಣ್ಣದ ಹದ ಅಳೆದು ಮಾಡಿದ ಫೈಲು) ಮಾಡಿಸಿ, ಮೂರನೇ ದಾರಿ ಇಲ್ಲ. ಹಳೇ ಇಂಕಿನ ಮೇಲೆ ಹೊಸ ಕಂಪನಿದು ಸುರಿದಿದ್ರೆ ಎರಡೂ ಬೆರೆತು ಪ್ರೊಫೈಲೂ ನಿಲ್ಲೂದಿಲ್ಲ, ಟ್ಯಾಂಕ್ ಇಳಿದ ಹಾಗೆ ಬಣ್ಣ ಬದಲಾಗ್ತಾ ಹೋಗ್ತದೆ.

ಕೊನೇ ನಾಲ್ಕೈದು ಚೌಕ ಒಂದೇ ಕಪ್ಪಾಗಿ ಅಂಟ್ಕೊಂಡಿದ್ರೆ ಇಂಕು ಹೆಚ್ಚು ಬೀಳ್ತಾ ಇದೆ ಅಂತ ಅರ್ಥ, ಇಲ್ಲಾ ಕಾಗದದ ತಪ್ಪು ಹೆಸರು ಆರಿಸಿದ್ದೀರಿ. ಕಪ್ಪೇ ಬಾರದೆ ಮಸಿ ಒರೆಸಿದ ಹಾಗೆ ಕಂದು-ಬೂದು ಆಗಿದ್ರೆ, ಪಿಗ್ಮೆಂಟ್ ಪ್ರಿಂಟರಾದ್ರೆ, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಫೋಟೋ ಬ್ಲ್ಯಾಕ್ (ಗ್ಲಾಸಿಗೆ ಅಂತ ಇರೋ ಕಪ್ಪು) ಬಿದ್ದಿದೆ. ತಿರುಗಾಮುರುಗಾ ಆದ್ರೆ, ಅಂದ್ರೆ ಗ್ಲಾಸಿ ಮೇಲೆ ಮ್ಯಾಟ್ ಬ್ಲ್ಯಾಕ್ (ಮ್ಯಾಟ್ ಕಾಗದಕ್ಕೆ ಅಂತ ಇರೋ ಕಪ್ಪು) ಬಿದ್ರೆ, ಒಂದು ದಿನ ಬಿಟ್ಟು ಹೆಬ್ಬೆರಳಲ್ಲಿ ಉಜ್ಜಿದ್ರೂ ಕೈಗೆ ಮಸಿ ಬರ್ತದೆ. ಎರಡಕ್ಕೂ ಮದ್ದು ಡ್ರೈವರಿನಲ್ಲಿ ಕಾಗದದ ಹೆಸರು ಸರಿ ಆರಿಸೂದು. ಮ್ಯಾಟ್ ಕಾಗದ ಎಷ್ಟೇ ಒಳ್ಳೇದಾದ್ರೂ ಅದರ ಕಪ್ಪಿನ ದಟ್ಟತೆಯ ಅಳತೆ (ನಂಬರ್ ಹೆಚ್ಚಾದಷ್ಟೂ ಕಪ್ಪು ಗಾಢ) 1.6, 1.7ರ ಸುತ್ತ ನಿಲ್ತದೆ, ಒಳ್ಳೇ ಬರೈಟಾ (ಬೇರಿಯಂ ಸಲ್ಫೇಟ್ ಲೇಪದ) ಕಾಗದದ ಮೇಲೆ 2.2 ದಾಟ್ತದೆ, ಅದು ದೋಷ ಅಲ್ಲ, ಕಾಗದದ ಗುಣ.

ದಿನ ಕಳೆದ ಹಾಗೆ ಬರೂ ಬಣ್ಣ

ಕರಾವಳಿಯವ್ರು ಇದನ್ನ ಗಟ್ಟಿಯಾಗಿ ಗಮನದಲ್ಲಿಡಬೇಕು. ಡೈ ಇಂಕು ಒಣಗಿದ ಹಾಗೆ ಕಾಣ್ತದೆ, ಒಣಗಿರೂದಿಲ್ಲ. ಸಾಧಾರಣ ಹವೆಯಲ್ಲೇ ಒಂದು ದಿನ ಬಿಟ್ಟು ಬಣ್ಣ ತೀರ್ಮಾನ ಮಾಡಬೇಕು, ಜುಲೈಯಲ್ಲಿ ಕಾರವಾರದಲ್ಲಿ ಒಗೆದ ಅಂಗಿ ಮೂರು ದಿನ ಆದ್ರೂ ತಂಪು ತಂಪು ಇರ್ತದೆ, ಪ್ರಿಂಟಿಗೆ ಬೇರೆ ನ್ಯಾಯ ಇಲ್ಲ. ಅಷ್ಟು ಪಸೆ ಇದ್ರೆ ಡೈ ಲೇಪದ ಒಳಗೇ ಮೆಲ್ಲಗೆ ಹರಡ್ತದೆ, ಅಕ್ಷರದ ಅಂಚು, ಕೂದಲಿನ ಅಂಚು ಮಸುಕಾಗ್ತದೆ, ಮೂರು ಬಣ್ಣ ಒಂದೇ ಸಮ ಹರಡದೇ ಇದ್ದದ್ರಿಂದ ಬೂದಿಗೆ ಬಣ್ಣ ಬರ್ತದೆ. ಕಾಗದದ ಪೊಟ್ಟಣ ತೆಗೆದಿಟ್ಟು ಬಿಡಬೇಡಿ, ಬೇಕಾದಷ್ಟೇ ಹಾಳೆ ತೆಗೆದು ಉಳಿದದ್ದನ್ನ ಅದರದ್ದೇ ಪ್ಲಾಸ್ಟಿಕ್ಕಲ್ಲಿ ಸಿಲಿಕಾ ಜೆಲ್ ಹಾಕಿ ಕಟ್ಟಿಡಿ. ಪಸೆ ಕುಡಿದ ಹಾಳೆ ಅಂಚಿಗೆ ಸುರುಳಿ ಏಳ್ತದೆ, ಆ ಸುರುಳಿಗೆ ಹೆಡ್ ತಾಗಿ ಅಂಚಲ್ಲಿ ಕಪ್ಪು ಗೀಚು ಬಿದ್ರೆ ಪ್ರಿಂಟರ್ ರಿಪೇರಿಗೆ ಓಡಬೇಡಿ, ಹಾಳೆ ಒಣಗಿಸಿ.

ತಿಂಗಳು, ವರ್ಷದ ಲೆಕ್ಕದಲ್ಲಿ ಬಣ್ಣ ಬಂದ್ರೆ ಅದು ಮಾಸೂದು. ಮೂರು ಬಣ್ಣದ ಡೈ ಒಂದೇ ವೇಗದಲ್ಲಿ ಮಾಸೂದಿಲ್ಲ, ಒಂದು ಮೊದಲು ಹೋಗ್ತದೆ, ಉಳಿದೆರಡರ ಬಣ್ಣ ಮೇಲೆ ಬರ್ತದೆ. ಬಿಸಿಲು ಅಷ್ಟೇ ಅಲ್ಲ, ಬೇಗ ಒಣಗೋ ಥರದ ಗ್ಲಾಸಿ ಕಾಗದದ ಮೇಲೆ ಗಾಳಿಯ ಓಝೋನ್ ಕೂಡ ಡೈಯನ್ನ ತಿಂತದೆ, ಗಾಜು ಹಾಕದೇ ಗೋಡೆಗೆ ಅಂಟಿಸಿದ್ದು ಬೇಗ ಹಾಳಾಗೂದು ಅದಕ್ಕೇ.

ಪಿಗ್ಮೆಂಟಿನವರಿಗೆ ಬೇರೆ ತೊಂದರೆ: ಪ್ರಿಂಟನ್ನ ಓರೆ ಮಾಡಿದ್ರೆ ದಟ್ಟ ಜಾಗ ತಾಮ್ರದ ತಂಬಿಗೆ ಥರ ಹೊಳೀತದೆ. ಇಂಕು ಕಾಗದದ ಮೇಲೇ ಕೂತದ್ದಕ್ಕೆ ಹಾಗೆ. ಗಾಜಿನ ಹಿಂದೆ ಹಾಕಿದ್ರೆ ಹೆಚ್ಚಿನದು ಕಾಣೂದಿಲ್ಲ, ಬರೈಟಾ ಅಥವಾ ಮ್ಯಾಟ್ ಕಾಗದಕ್ಕೆ ಹೋದ್ರೆ ತೊಂದರೆಯೇ ಕಡಿಮೆ.

ಹಾಗಾದ್ರೆ ಯಾವ ಪ್ರಿಂಟರ್?

ಇಷ್ಟೆಲ್ಲ ನೋಡಿ, ದೋಷ ಬೆಳಕಿನದ್ದೇ ಅಂತ ಖಾತ್ರಿ ಆದ್ರೆ ಮಾತ್ರ ಈ ಪ್ರಶ್ನೆಗೆ ಬನ್ನಿ. ಅಂಗಡಿಯವ್ರು "ಆರು ಕಲರ್ ಸರ್, ಫೋಟೋ ಸ್ಪೆಶಲ್" ಅಂತಾರೆ, ಆ ಆರು ಯಾವುದು ಅಂತ ಕೇಳಿ. ಎಪ್ಸನ್ ಎಲ್805, ಎಲ್1800, ಎಲ್8050, ಎಲ್18050 ಇವುಗಳಲ್ಲಿ ಆರು ಇಂಕಲ್ಲಿ ಹೆಚ್ಚಿನ ಎರಡು ತಿಳಿ ಸಯಾನ್, ತಿಳಿ ಮಜೆಂಟಾ. ಮದುವೆ ಫೋಟೋ, ಚರ್ಮದ ಬಣ್ಣಕ್ಕೆ ಬಹಳ ಒಳ್ಳೇದು, ಆದ್ರೆ ಬೂದು ಇಂಕು ಅದರಲ್ಲಿ ಇಲ್ಲ. ಎಲ್8160, ಎಲ್8180ರಲ್ಲಿ ಆರರಲ್ಲಿ ಒಂದು ಬೂದು, ಮ್ಯಾಟಿಗೆ ಬೇರೆ ಕಪ್ಪು, ಫೋಟೋಗೆ ಬೇರೆ ಕಪ್ಪು. ಟ್ಯಾಂಕ್ ಪ್ರಿಂಟರ್ ಬೆಲೇಲಿ ಕಪ್ಪು-ಬಿಳುಪಿಗೆ ಅಂತ ನಾನು ಹೇಳೂದು ಇಂಥದ್ದನ್ನೇ. ಕ್ಯಾನನ್ ಪ್ರೊ-200ರಲ್ಲಿ ಎಂಟು ಡೈ ಇಂಕು, ಬೂದು, ತಿಳಿ ಬೂದು ಎರಡೂ ಇದೆ, ಗ್ಲಾಸಿ ಮೇಲೆ ಬಹಳ ಚಂದ ಬರ್ತದೆ. ಮೊಮ್ಮಕ್ಕಳ ಕಾಲಕ್ಕೂ ಇರಬೇಕು ಅನ್ನೋ ಪ್ರಿಂಟಾದ್ರೆ ಪಿಗ್ಮೆಂಟ್: ಕ್ಯಾನನ್ ಪ್ರೊ-300, ಎಪ್ಸನ್ ಪಿ700, ಪಿ900. ಎಪ್ಸನ್ ಹಳೇ ಪಿ600, ಪಿ800ರಲ್ಲಿ ಮ್ಯಾಟ್ ಕಪ್ಪು, ಫೋಟೋ ಕಪ್ಪು ಎರಡಕ್ಕೂ ಒಂದೇ ದಾರಿ, ಬದಲಿಸಿದಾಗೆಲ್ಲ ಇಂಕು ವ್ಯರ್ಥ ಹೋಗ್ತಿತ್ತು, ಹೊಸದ್ರಲ್ಲಿ ಎರಡಕ್ಕೂ ಬೇರೆ ಬೇರೆ ನಾಝಲ್. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನ ನೋಡ್ಲೇಬೇಕು. ಇನ್ನೂ ಮುಂದೆ ಹೋಗೋರಿಗೆ ಎಪ್ಸನ್‌ನ ಕೆಲವು ಮಾಡೆಲ್‌ಗಳಲ್ಲಿ ನಡೆಯೋ, ಯಾವ ಇಂಕು ಎಷ್ಟು ಬೀಳಬೇಕು ಅಂತ ನಾವೇ ಹೇಳೋ ಕ್ವಾಡ್‌ಟೋನ್‌ರಿಪ್ ಸಾಫ್ಟ್‌ವೇರ್, ಬಣ್ಣದ ಇಂಕನ್ನೇ ತೆಗೆದು ಎಲ್ಲ ದಾರಿಗೂ ಬೂದಿನ ಬೇರೆ ಬೇರೆ ಹಂತ ತುಂಬೋ ಜಾನ್ ಕೋನ್ ಅವರ ಪೀಜೋಗ್ರಫಿ ಇದೆ, ಆದ್ರೆ ಆ ಪ್ರಿಂಟರಲ್ಲಿ ಆಮೇಲೆ ಬಣ್ಣದ ಫೋಟೋ ಬರೂದಿಲ್ಲ. ಪಿಗ್ಮೆಂಟ್ ಪ್ರಿಂಟರ್ ತಂದು ತಿಂಗಳುಗಟ್ಟಲೆ ಮುಚ್ಚಿಡೂದಾದ್ರೆ ತರಲೇಬೇಡಿ, ವಾರಕ್ಕೊಂದು ಬಣ್ಣದ ಚಿಕ್ಕ ಹಾಳೆಯಾದ್ರೂ ಓಡಿಸ್ಲೇಬೇಕು.

ದುಡ್ಡು ಹಾಕ್ಲಿಕ್ಕೆ ಆಗೂದಿಲ್ಲ, ಇರೋ ನಾಲ್ಕು ಟ್ಯಾಂಕಿನದ್ರಲ್ಲೇ ಬೇಕು ಅನ್ನೋರಿಗೆ ಒಂದು ದಾರಿ: ಮ್ಯಾಟ್ ಕಾಗದ ಹಾಕಿ, ಡ್ರೈವರಿನಲ್ಲಿ ಪ್ಲೇನ್ ಪೇಪರ್, ಹೈ ಕ್ವಾಲಿಟಿ, ಗ್ರೇಸ್ಕೇಲ್ ಅಂತ ಇಟ್ಟು ತೆಗೀರಿ, ಆಮೇಲೆ ಭೂತಗನ್ನಡಿಯಲ್ಲಿ ನೋಡಿ, ಬರೇ ಕಪ್ಪು ಚುಕ್ಕಿ ಇದ್ರೆ ಗೆದ್ದಿರಿ. ತಿಳಿ ಜಾಗದಲ್ಲಿ ಚುಕ್ಕಿ ಬಿಡಿ ಬಿಡಿಯಾಗಿ ರವೆ ರವೆ ಕಾಣ್ತದೆ, ಎರಡು ಅಡಿ ದೂರ ನಿಂತ್ರೆ ಕಾಣೂದಿಲ್ಲ. ಅಮ್ಮಮ್ಮನ ಫೋಟೋ ನಾನು ಮೊದಲು ಹೀಗೇ ತೆಗೆದದ್ದು, ಜಗುಲಿ, ಅಂಗಳ, ಅಡುಗೆ ಮನೆ ಎಲ್ಲಿ ಹಿಡಿದ್ರೂ ಒಂದೇ ಬೂದು, ಕೆನ್ನೆ ಮೇಲೆ ಮಾತ್ರ ಸ್ವಲ್ಪ ರವೆ. ಆಮೇಲೆ ಕುಮಟಾದ ಗೆಳೆಯನ ಮೂರು ಕಪ್ಪಿನ ಪಿಗ್ಮೆಂಟ್ ಪ್ರಿಂಟರಲ್ಲಿ ತೆಗೆಸಿ ಎರಡೂ ಪಕ್ಕ ಪಕ್ಕ ಇಟ್ಟೆ. ರವೆ ಇಲ್ಲ, ಹಸಿರೂ ಇಲ್ಲ, ಸೆರಗಿನ ಮಡಿಕೆಯ ಒಳಗಿನ ಕಪ್ಪಲ್ಲೂ ಒಂದು ಮಡಿಕೆ ಕಾಣ್ತಿತ್ತು, ಅದು ಇಲ್ಲಿವರೆಗೆ ನಾನು ಸ್ಕ್ರೀನಲ್ಲಿ ಮಾತ್ರ ನೋಡಿದ್ದು.

ಫ್ರೇಮ್ ಹಾಕೋ ಮೊದಲು ಒಂದು ಮಾತು. ಪ್ರಿಂಟಿನ ಮೇಲೆ ಸಾದಾ ಬಿಳಿ ಹಾಳೆ ಮುಚ್ಚಿ ಒಂದು ದಿನ ಬಿಟ್ಟು, ಹಾಳೆ ಸುಕ್ಕಾಗಿದ್ರೆ ಬೇರೆ ಹಾಳೆ ಹಾಕಿ, ಸುಕ್ಕು ಬರೂದು ನಿಂತ ಮೇಲೇ ಗಾಜು ಹಾಕಿಸಿ. ಇಂಕಿನೊಳಗಿನ ಗ್ಲೈಕಾಲ್ ನಿಧಾನಕ್ಕೆ ಹೊರಗೆ ಬರ್ತಾ ಇರ್ತದೆ, ಅವಸರದಲ್ಲಿ ಮುಚ್ಚಿದ್ರೆ ಗಾಜಿನ ಒಳಬದಿಗೆ ಮಂಜು ಕಟ್ಟಿದ ಹಾಗೆ ಕೂರ್ತದೆ. ಗಾಜು ಪ್ರಿಂಟಿಗೆ ತಾಗದ ಹಾಗೆ ನಡುವೆ ದಪ್ಪ ರಟ್ಟಿನ ಚೌಕಟ್ಟು ಇರಲಿ, ಮಳೆಗಾಲದ ಪಸೆಗೆ ಅಂಟ್ಕೊಂಡ್ರೆ ಬಿಡಿಸ್ಲಿಕ್ಕೆ ಆಗೂದಿಲ್ಲ. ನಾನು ಹನ್ನೊಂದು ದಿನ ಹಾಳೆ ಬದಲಿಸಿದೆ, ಭಾವ ದಿನಾ ಫೋನ್ ಮಾಡಿ ಕೇಳ್ತಿದ್ದ, ಶಿರಸಿಗೆ ತಗೊಂಡು ಹೋದದ್ದು ಹನ್ನೆರಡನೇ ದಿನ.